ತಲೆಗಿಂಬು

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಎದ್ದು ಕೂತಾಗ ನನಗೆ ಗೋಣು ತಿರುಗಲಿಲ್ಲ. ಎಡಕ್ಕಿರುವ ಕಿಟಕಿಯಲ್ಲಿ ಬೆಳಕು ಹರಿದದ್ದು ತಿಳಿಯುತ್ತಿತ್ತು. ನೋಡಬೇಕೆಂದರೆ ಇಡೀ ಮೈಯನ್ನೇ ಆ ಕಡೆ ಹೊರಳಿಸಬೇಕಿತ್ತು. ಬಲಗಿವಿಯ ಹಿಂದಿನಿಂದ ಹೆಗಲಿನ ತುದಿಯ ತನಕ ಹಸಿ ಹಗ್ಗ ಒಣಗಿ ಬಿಗಿದುಕೊಂಡ ಹಾಗಿತ್ತು. ನಮ್ಮ ವಿಜಯಪುರದ ಕಡೆ ಇದಕ್ಕೆ ‘ಗೋಣು ಹಿಡದದ’ ಎನ್ನುತ್ತಾರೆ. ಹಿಂದಿನ ದಿನ ಕೊಡ ಹೊತ್ತಿರಲಿಲ್ಲ, ದೂರದ ಊರಿಗೆ ಹೋಗಿ ಬಂದಿರಲಿಲ್ಲ. ಮನೆಗೆ ಹೊಸದಾಗಿ ಬಂದದ್ದು ಒಂದೇ ಒಂದು: ಮಗಳು ಬೆಂಗಳೂರಿನಿಂದ ಪ್ರೀತಿಯಿಂದ ತಂದಿದ್ದ ಬೆಳ್ಳನೆಯ, ಮೆತ್ತನೆಯ, ಎತ್ತರದ ದಿಂಬು. ಅದರ ಮೇಲೆ ಮೂರು ರಾತ್ರಿ ಮಲಗಿದ್ದೆ.

ಎರಡು ದಿನ ಎಣ್ಣೆ ತಿಕ್ಕಿದೆ, ಬಿಸಿ ನೀರಿನ ಶಾಖ ಕೊಟ್ಟೆ. ಮೂರನೆಯ ದಿನ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿಯ ಹತ್ತಿರ ಹೋದೆ. ನಾನು ಶಾಲೆಯಲ್ಲಿ ಕಲಿಸುವವಳೆಂದು ತಿಳಿದದ್ದೇ ಅವಳು ‘ಅಕ್ಕಾರ’ ಎಂದು ಕರೆಯತೊಡಗಿದಳು. ಕುತ್ತಿಗೆಗೆ ಕೈ ಹಚ್ಚುವ ಮೊದಲೇ ಕೇಳಿದಳು:

“ಅಕ್ಕಾರ, ರಾತ್ರಿ ಹ್ಯಾಂಗ ಮಲಗ್ತೀರಿ? ಅಂಗಾತೋ, ಮಗ್ಗಲಾಗೋ, ಡಬ್ಬೋ?”

ಐವತ್ತು ವರ್ಷ ಮಲಗಿದವಳಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಹೆಚ್ಚಾಗಿ ಬಲಮಗ್ಗುಲಿಗೆ ಎಂದೆ. ಮೇಜಿನ ಮೇಲೆ ಹಾಗೇ ಮಲಗಲು ಹೇಳಿದಳು. ಕಪಾಟಿನಿಂದ ನಾಲ್ಕಾರು ತೆಳು ಟವೆಲ್ ತಂದು, ಮಡಿಸಿ, ತಲೆಯ ಕೆಳಗೆ ಒಂದೊಂದಾಗಿ ಸರಿಸಿದಳು. ಒಂದು ಸೇರಿಸಿದಾಗಲೆಲ್ಲ ನನ್ನ ಬೆನ್ನ ಹಿಂದೆ ಹೋಗಿ ಬಗ್ಗಿ ನೋಡುವಳು. “ಇನ್ನೊಂದು… ಇನ್ನೊಂದು ಬೇಕು… ತಡೀರಿ, ಅರ್ಧ ಮಡಚತೀನಿ… ಈಗ?” ಆ ‘ಈಗ’ ಎನ್ನುವ ಹೊತ್ತಿಗೆ ಮೂರು ದಿನದಿಂದ ಹಿಡಿದದ್ದು ಒಂಚೂರು ಬಿಟ್ಟುಕೊಟ್ಟಿತು. ನೋವು ಹೋಗಿರಲಿಲ್ಲ, ಆದರೆ ಕುತ್ತಿಗೆ ತನ್ನ ಹೊರೆಯನ್ನು ಕೆಳಗಿಳಿಸಿತ್ತು. ಅವಳು ಪಟ್ಟಿ ಹಿಡಿದು ಅಳೆದಳು: ಹತ್ತೂವರೆ ಸೆಂಟಿಮೀಟರ್. ಅಂಗಾತ ಮಲಗಿಸಿ ಎರಡು ಟವೆಲ್ ತೆಗೆದಳು: ಏಳು. ಮನೆಗೆ ಬಂದು ಹೊಸ ದಿಂಬನ್ನು ಅಳೆದೆ. ಹದಿನಾರು. ತಲೆ ಇಟ್ಟಾಗಲೂ ಹದಿನಾಲ್ಕಕ್ಕಿಂತ ಕೆಳಗೆ ಅದು ಇಳಿಯುತ್ತಿರಲಿಲ್ಲ.

ಅವಳು ತಿಳಿಸಿಕೊಟ್ಟದ್ದನ್ನು, ಆಮೇಲೆ ನಾನು ಓದಿ ಕಂಡುಕೊಂಡದ್ದನ್ನು ಇಲ್ಲಿ ಕೂಡಿಸಿ ಹೇಳುತ್ತೇನೆ. ನಮ್ಮ ಕುತ್ತಿಗೆಯಲ್ಲಿ ಏಳು ಎಲುಬುಗಳಿವೆ. ಅವು ನೆಟ್ಟಗೆ ಕಂಬದ ಹಾಗೆ ನಿಂತಿಲ್ಲ, ಮುಂದಕ್ಕೆ ಸಣ್ಣಗೆ ಬಾಗಿವೆ. ಅದರ ಮೇಲೆ ನಾಲ್ಕೂವರೆಯಿಂದ ಐದು ಕಿಲೋ ತೂಕದ ತಲೆ. ಹಗಲೆಲ್ಲ ಕುತ್ತಿಗೆಯ ಸ್ನಾಯುಗಳು ಅದನ್ನು ಹೊರುತ್ತವೆ. ರಾತ್ರಿ ಆ ಭಾರವನ್ನು ಇಳಿಸಿಕೊಳ್ಳುವವರು ಬೇಕು. ಅಂಗಾತ ಮಲಗಿದಾಗ ಹಾಸಿಗೆಗೂ ಕತ್ತಿನ ಬಾಗಿಗೂ ನಡುವೆ ಉಳಿಯುವ ಸಂದು ಸಣ್ಣದು. ಅದಕ್ಕೆ ಏಳರಿಂದ ಹತ್ತು ಸೆಂಟಿಮೀಟರ್ ಎತ್ತರ ಸಾಮಾನ್ಯವಾಗಿ ಸಾಕು. ಮಗ್ಗುಲಾದಾಗ ಹೆಗಲಿನ ಅಗಲವೇ ಸಂದಿನ ಆಳವಾಗುತ್ತದೆ. ಆಗ ಹತ್ತರಿಂದ ಹದಿನಾಲ್ಕು ಬೇಕಾದೀತು. ಈ ಲೆಕ್ಕ ತಲೆ ಇಟ್ಟು ಅದುಮಿದ ದಿಂಬಿನದು, ಅಂಗಡಿಯಲ್ಲಿ ಉಬ್ಬಿ ಕೂತ ದಿಂಬಿನದಲ್ಲ. ಡಬ್ಬ ಮಲಗುವವರಿಗೆ ದಿಂಬು ಇಲ್ಲದಿದ್ದರೂ ನಡೆದೀತು, ಇದ್ದರೂ ತೀರ ತೆಳುವಾಗಿರಬೇಕು. ಇಡೀ ರಾತ್ರಿ ಗೋಣನ್ನು ಒಂದೇ ಕಡೆ ತಿರುಚಿ ಇಡುವ ಆ ರೂಢಿಯನ್ನು ಮೆಲ್ಲಗೆ ಬಿಡುವುದು ಇನ್ನೂ ಒಳ್ಳೆಯದು.

ದಿಂಬು ಹೆಚ್ಚು ಎತ್ತರವಾದರೆ ಅಂಗಾತ ಮಲಗಿದವರ ಗದ್ದ ಎದೆಗೆ ತಾಗುತ್ತದೆ, ಕತ್ತಿನ ಹಿಂಭಾಗ ರಾತ್ರಿಯಿಡೀ ಎಳೆದುಕೊಂಡೇ ಇರುತ್ತದೆ. ತೀರ ತಗ್ಗಾದರೆ ಗದ್ದ ಜಂತಿಯ ಕಡೆ ಎದ್ದು ನಿಲ್ಲುತ್ತದೆ. ಮಗ್ಗುಲಾಗಿ ಮಲಗಿದವರ ಮೂಗು, ಗದ್ದ, ಎದೆಯ ನಡುಗುಳಿ ಮೂರೂ ಒಂದೇ ಗೆರೆಯಲ್ಲಿ ಬರಬೇಕು. ಈ ಗೆರೆಯನ್ನು ಮಲಗಿದವರು ತಾವೇ ನೋಡಿಕೊಳ್ಳಲು ಆಗುವುದಿಲ್ಲ. ಮನೆಯವರು ಯಾರಾದರೂ ಎದುರು ನಿಂತು ನೋಡಿ ಹೇಳಬೇಕು.

ಆ ಟವೆಲ್ಲಿನ ಮಡಿಕೆಗಳನ್ನು ನೆನೆಯುತ್ತ ಮನೆಗೆ ನಡೆಯುವಾಗ ನನಗೆ ಕಂಡದ್ದು ನಮ್ಮ ಮುತ್ಯಾನ ರುಮಾಲು.

ನನ್ನ ತವರು ತಿಕೋಟಾ. ಈಗ ಅದೂ ತಾಲ್ಲೂಕು, ನನ್ನನ್ನು ಕೊಟ್ಟ ಬಬಲೇಶ್ವರವೂ ತಾಲ್ಲೂಕು. ನಾನು ಹುಡುಗಿಯಾಗಿದ್ದಾಗ ಎರಡೂ ವಿಜಯಪುರ ತಾಲ್ಲೂಕಿನ ಊರುಗಳು. ಬಿಳಿಜೋಳದ ತೆನೆ ಹಾಲುಗಟ್ಟಿತೆಂದರೆ ಮುತ್ಯಾ ಹೊಲದ ಮಂಚಿಗೆಗೆ ಹಾಸಿಗೆ ಒಯ್ಯುತ್ತಿದ್ದ. ಹಗಲು ಕವಣೆ ಬೀಸಿ ಗುಬ್ಬಿ ಹೊಡೆಯುವುದು, ರಾತ್ರಿ ಅಲ್ಲೇ ಕಾವಲು. ಸಂಕ್ರಾಂತಿಯ ಸೂಟಿಯಲ್ಲಿ ಒಂದೆರಡು ರಾತ್ರಿ ನನ್ನನ್ನೂ ಕರೆದೊಯ್ಯುತ್ತಿದ್ದ. ಮಂಚಿಗೆಯ ಕಟ್ಟಿಗೆಯ ಮೇಲೆ ಜೋಳದ ದಂಟು, ಅದರ ಮೇಲೆ ಕೌದಿ, ಹೊದೆಯಲು ಕಂಬಳಿ. ದಿಂಬು ಇರುತ್ತಿರಲಿಲ್ಲ. ಮುತ್ಯಾ ತಲೆಯ ಮೇಲಿನ ರುಮಾಲು ಬಿಚ್ಚಿ, ಸುತ್ತುಗಳನ್ನು ಸಡಿಲಿಸಿ, ಮೊಳಕಾಲ ಮೇಲಿಟ್ಟು ಮಡಿಸುತ್ತಿದ್ದ. ಒಂದು ಮಡಿಕೆ ಹಾಕಿ ಅಂಗೈಯಿಂದ ಸವರುವನು, ಇನ್ನೊಂದು ಹಾಕಿ ಮತ್ತೆ ಸವರುವನು. ನನಗೆ ಇಟ್ಟುಕೊಟ್ಟು, ನಾನು ಮಲಗಿದ ಮೇಲೆ ಕುತ್ತಿಗೆಯ ಕೆಳಗೆ ಎರಡು ಬೆರಳು ತೂರಿಸಿ ನೋಡುತ್ತಿದ್ದ. ಬೆರಳು ಸಲೀಸಾಗಿ ಆಚೆ ಹೋದರೆ ಅಂಚನ್ನು ಇನ್ನೊಂದು ಸಲ ಮಡಚುವನು.

“ಟೊಳ್ಳ ಇರಬಾರದು ನನ್ನವ್ವಾ,” ಎನ್ನುತ್ತಿದ್ದ. “ಟೊಳ್ಳ ಇದ್ದಲ್ಲೇ ನೋವು ಹೊಗತದ.”

ತನಗೆ ಮಾತ್ರ ಉಳಿದ ತುದಿಯ ಎರಡೇ ಮಡಿಕೆ. ಅವನು ಅಂಗಾತ ಮಲಗಿ ಚುಕ್ಕಿ ನೋಡುತ್ತ ನಿದ್ದೆ ಹೋಗುವವನು. ನಾನು ಮುದುರಿಕೊಂಡು ಮಗ್ಗುಲಿಗೆ ಮಲಗುವವಳು. ಅಂಗಾತ ಮಲಗುವವರಿಗೆ ತಗ್ಗು, ಮಗ್ಗುಲು ಮಲಗುವವರಿಗೆ ಎತ್ತರ ಎಂಬುದು ಆ ರುಮಾಲಿನ ಎರಡು ತುದಿಗಳಲ್ಲೇ ಇತ್ತು. ಒಂದೇ ಬಟ್ಟೆಯಲ್ಲಿ ಇಬ್ಬರಿಗೆ ಎರಡು ಅಳತೆ ಆಗುತ್ತಿತ್ತು, ನನ್ನದನ್ನು ನೋಡಿ ಸರಿಮಾಡಲು ಒಬ್ಬರು ಹತ್ತಿರ ಕೂತಿರುತ್ತಿದ್ದರು.

ನಮ್ಮ ಮನೆಯಲ್ಲಿ ಹಿರಿಯರು ‘ತಲೆಗಿಂಬು’ ಎನ್ನುತ್ತಿದ್ದರು. ಶಾಲೆಯಲ್ಲಿ ‘ತಲೆದಿಂಬು’ ಎಂದು ಕಲಿತೆವು. ಹಿರಿಯರದು ತಪ್ಪು ಉಚ್ಚಾರ ಎಂದುಕೊಂಡಿದ್ದೆ. ಕನ್ನಡ ಕಲಿಸುತ್ತ ಕಲಿಸುತ್ತ ತಿಳಿಯಿತು, ಅವರ ಬಾಯಲ್ಲಿದ್ದದ್ದು ಅರ್ಥ ಬಿಚ್ಚಿಕೊಂಡ ಮಾತು: ತಲೆಗೆ ಇಂಬು. ಇಂಬು ಎಂದರೆ ಎಡೆ, ಆಸರೆ. ಬಂದವರಿಗೆ ಇಂಬು ಕೊಟ್ಟರು ಎನ್ನುತ್ತೇವಲ್ಲ, ಅದೇ ಇಂಬು. ಆ ಮಾತಿನಲ್ಲಿ ಎತ್ತರದ ಸುದ್ದಿಯೇ ಇಲ್ಲ. ತಲೆಯನ್ನು ಮೇಲೆತ್ತುವುದು ದಿಂಬಿನ ಕೆಲಸವಲ್ಲ, ಖಾಲಿ ಇರುವ ಕಡೆ ಹೋಗಿ ತುಂಬಿಕೊಳ್ಳುವುದು ಅದರ ಕೆಲಸ. ಖಾಲಿ ಎಷ್ಟೋ ದಿಂಬು ಅಷ್ಟು. ನನ್ನ ಖಾಲಿ ನಿಮ್ಮದಲ್ಲ. ಇಬ್ಬರ ಹೆಗಲಿನ ಅಗಲ ಬೇರೆ, ಹಾಸಿಗೆಯೂ ಬೇರೆ.

ತಿಕೋಟಾದಲ್ಲಿ ಈಗ ನಮ್ಮ ಜೋಳದ ಹೊಲದ ಬಹುಪಾಲು ದ್ರಾಕ್ಷಿಯಾಗಿದೆ. ಊರ ಸುತ್ತ ಎಲ್ಲಿ ನೋಡಿದರೂ ದ್ರಾಕ್ಷಿ ಪಡ, ಮಣೂಕ ಒಣಗಿಸುವ ಉದ್ದನೆಯ ಶೆಡ್ಡು. ಅಕ್ಟೋಬರ್ ಚಾಟ್ನಿ ಶುರುವಾದರೆ ನನ್ನ ತಮ್ಮ ಮತ್ತು ಆಳುಗಳು ದಿನವಿಡೀ ಕತ್ತೆತ್ತಿ ತಲೆಯ ಮೇಲಿನ ಚಪ್ಪರದ ಕಡ್ಡಿ ಕತ್ತರಿಸುತ್ತಾರೆ. ಮುಂದೆ ಗೊನೆ ಬಿಟ್ಟಾಗ ಅದೇ ರೀತಿ ಕತ್ತೆತ್ತಿ ಒಂದೊಂದು ಗೊನೆಯನ್ನೂ ಔಷಧದ ನೀರಿನಲ್ಲಿ ಅದ್ದುತ್ತಾರೆ. ಮಣೂಕ ಆರಿಸುವ ಹೆಣ್ಣುಮಕ್ಕಳದು ತಿರುಗಾಮುರುಗಾ: ಬೆಳಗಿನಿಂದ ಸಂಜೆಯ ತನಕ ತಲೆ ಬಗ್ಗಿಸಿಯೇ ಕೂರುವುದು. ಎರಡೂ ಕೆಲಸ ಗೋಣಿನ ಮೇಲೆಯೇ ಬೀಳುತ್ತವೆ. ಹೀಗೆ ದುಡಿದು ಬಂದವರು ಸಿಕ್ಕ ದಿಂಬಿನ ಮೇಲೆ ತಲೆ ಇಟ್ಟುಬಿಡುತ್ತಾರೆ. ‘ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು’ ಎಂಬ ಗಾದೆ ನಿಜ. ದಣಿದವರಿಗೆ ನಿದ್ದೆ ಕಲ್ಲಿನ ಮೇಲೂ ಬರುತ್ತದೆ. ಆದರೆ ಬೆಳಗ್ಗೆ ಏಳುವಾಗ ಕುತ್ತಿಗೆ ರಾತ್ರಿಯ ಲೆಕ್ಕ ಒಪ್ಪಿಸುತ್ತದೆ. ಒಳ್ಳೆಯ ದಿಂಬಿನ ಅಗತ್ಯ ಮೆತ್ತನೆಯ ಮಂಚದವರಿಗಿಂತ ಈ ಪಡದವರಿಗೆ ಹೆಚ್ಚು ಎಂದು ನನಗೆ ಮನದಟ್ಟಾಗಿದೆ. ತಮ್ಮನ ಮನೆಗೆ ಹೋದಾಗಲೆಲ್ಲ ಇದನ್ನು ಹೇಳುತ್ತೇನೆ.

ಮದುವೆಯಾಗಿ ಬಬಲೇಶ್ವರಕ್ಕೆ ಬರುವಾಗ ಭಾಂಡೆ ಸಾಮಾನಿನ ಜತೆ ಗಾದಿ, ಎರಡು ದಿಂಬು ಬಂದವು. ಅವುಗಳನ್ನು ತುಂಬಿಕೊಟ್ಟವರು ನಾವು ‘ಗಾದಿ ಕಾಕಾ’ ಎನ್ನುತ್ತಿದ್ದ ಪಿಂಜಾರರು. ನಮ್ಮ ಕಟ್ಟೆಯ ಮೇಲೆ ಕೂತು ಎರಡು ದಿನ ಅರಳೆ ಪಿಂಜಿದರು. ಬಿಲ್ಲಿನ ನರಕ್ಕೆ ಕಟ್ಟಿಗೆಯ ಗುಂಡು ಬಡಿದಾಗಲೆಲ್ಲ ಟೊಂಯ್ ಎಂಬ ನಾದ, ಮುದ್ದೆಗಟ್ಟಿದ್ದ ಹತ್ತಿ ನೊರೆಯ ಹಾಗೆ ಎದ್ದು ಹಾರುವುದು. ದಿಂಬಿನ ಚೀಲಕ್ಕೆ ಅರಳೆಯನ್ನು ಹಿಡಿ ಹಿಡಿಯಾಗಿ ತುಂಬುತ್ತ, ಮೂಲೆಗಳಿಗೆ ಬೆರಳಿನಿಂದ ಒತ್ತುತ್ತ ಅವ್ವನನ್ನು ಕೇಳಿದ್ದರು: “ಹುಡುಗಿ ಸಣ್ಣ ಮೈಯಾಕಿ. ಭಾಳ ತುಂಬೂದು ಬ್ಯಾಡಲ್ಲಾ?” ಆಗ ಅವ್ವ, ಇನ್ನೂ ತುಂಬಿರಿ, ಬೀಗರ ಮನೆಯವರು ನೋಡುತ್ತಾರೆ ಎಂದಳು. ಕಾಕಾ ಇನ್ನೆರಡು ಹಿಡಿ ಹಾಕಿ ಹೊಲಿದರು. ಆದರೆ ಹೊಲಿಗೆಯನ್ನು ಬಿಗಿಯಾಗಿ ಹಾಕದೆ ಒಂದು ಕಡೆ ಉದ್ದುದ್ದ ಹಾಕಿ, “ಮುಂದ ಬೇಕಾದ್ರ ಬಿಚ್ಚಾಕ ಬರತದ,” ಎಂದರು. ಆ ಸಡಿಲು ಹೊಲಿಗೆಯ ಬೆಲೆ ನನಗೆ ತಿಳಿಯಲು ಬಹಳ ವರ್ಷ ಬೇಕಾದವು.

ಹತ್ತಿಯ ದಿಂಬು ಬದುಕಿರುವ ವಸ್ತು. ತಲೆಯ ಭಾರಕ್ಕೆ, ಬೆವರಿಗೆ ವರ್ಷ ವರ್ಷ ಕುಸಿಯುತ್ತ ಗಂಟುಗಂಟಾಗುತ್ತದೆ. ಅದಕ್ಕೇ ನಮ್ಮ ಅತ್ತೆ ಏಪ್ರಿಲ್–ಮೇ ಬಿಸಿಲಿಗೆ ದಿಂಬುಗಳನ್ನೆಲ್ಲ ಗಲೀಫು ತೆಗೆದು ಮಾಳಿಗೆಯ ಮೇಲೆ ಹರವುತ್ತಿದ್ದರು. ಬಿಸಿಲಿಗೆ ಹಸಿ ಆರಿ ಹತ್ತಿ ಮತ್ತೆ ಉಸಿರೆಳೆದುಕೊಂಡಂತೆ ಉಬ್ಬುತ್ತಿತ್ತು. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ಪಿಂಜಿಸುವುದು ರೂಢಿ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುತ್ತಿದ್ದೆವು. ಕೆಳಗೆ ಗಾದಿಯ ಮೇಲೆ ಸರಿಯಾಗಿದ್ದ ದಿಂಬು ಮೇಲೆ ಚಾಪೆಯ ಮೇಲೆ ಸಾಲದಾಗುತ್ತಿತ್ತು. ಈಗ ಕಾರಣ ಗೊತ್ತು: ಮೆತ್ತನೆಯ ಗಾದಿಯಲ್ಲಿ ಹೆಗಲು ಒಳಗಿಳಿಯುತ್ತದೆ, ಸಂದು ಸಣ್ಣದಾಗುತ್ತದೆ, ಗಟ್ಟಿ ನೆಲದ ಮೇಲೆ ಹೆಗಲು ಇಳಿಯುವುದಿಲ್ಲ, ಸಂದು ದೊಡ್ಡದೇ ಉಳಿಯುತ್ತದೆ. ಹಾಸಿಗೆ ಬದಲಾದರೆ ದಿಂಬೂ ಬದಲಾಗಬೇಕು.

ಅತ್ತೆಯವರದು ಇನ್ನೊಂದು ಪಾಠ. ವಯಸ್ಸಾದಂತೆ ಅವರಿಗೆ ರಾತ್ರಿ ಎದೆ ಉರಿಯತೊಡಗಿತು, ಹುಳಿ ತೇಗು ಗಂಟಲಿಗೆ ಬರುತ್ತಿತ್ತು. ಮೂರು ದಿಂಬು ಒಂದರ ಮೇಲೊಂದು ಪೇರಿಸಿ ಮಲಗುವುದನ್ನು ಕಲಿತರು. ಎದೆಯುರಿ ಕಡಿಮೆಯಾಗಲಿಲ್ಲ, ಜತೆಗೆ ಗೋಣು ನೋವೂ ಸೇರಿತು. ವೈದ್ಯರು ಸರಳವಾಗಿ ಹೇಳಿದರು: ದಿಂಬು ಪೇರಿಸಿದರೆ ಮೈ ಸೊಂಟದಲ್ಲಿ ಮಡಚಿ ಹೊಟ್ಟೆ ಇನ್ನಷ್ಟು ಒತ್ತುತ್ತದೆ, ಎತ್ತಬೇಕಾದದ್ದು ಮಂಚದ ತಲೆಯ ಕಡೆಯನ್ನು. ನನ್ನವರು ಮಂಚದ ತಲೆಗಡೆಯ ಎರಡು ಕಾಲುಗಳ ಕೆಳಗೆ ಹದಿನೈದು ಸೆಂಟಿಮೀಟರ್ ಎತ್ತರದ ಕಟ್ಟಿಗೆಯ ತುಂಡು ಕೊಟ್ಟರು. ಅತ್ತೆಗೆ ಒಂದೇ ದಿಂಬು ಉಳಿಯಿತು. ವಾರದ ಮೇಲೆ ಬೆಳಗ್ಗೆ ಒಲೆಯ ಮುಂದೆ ಬಂದು ಕೂತು, “ಯವ್ವಾ, ರಾತ್ರಿ ಒಂದ ಸಲಾನೂ ಏಳಲಿಲ್ಲ ನೋಡು,” ಎಂದರು. ಎದೆಗೆ ಬೇಕಾದದ್ದನ್ನು ಅವರು ಅಷ್ಟು ದಿನ ಗೋಣಿನ ಹತ್ತಿರ ಕೇಳುತ್ತಿದ್ದರು.

ಮಗಳು ಹುಟ್ಟಿದಾಗ ಮನೆಯಲ್ಲಿ ಸಾಸಿವೆ ದಿಂಬು ಹೊಲಿದಿದ್ದರು. ಕೂಸಿನ ತಲೆ ದುಂಡಗಾಗಲಿ ಎಂಬ ಆಸೆ ಅದರಲ್ಲಿತ್ತು. ಅದನ್ನು ಹೊಲಿದ ಕೈಗಳ ಅಕ್ಕರೆಯನ್ನು ನಾನು ಮರೆಯಲಾರೆ. ಆದರೂ ಇಂದಿನ ಬಾಣಂತಿಯರಿಗೆ ನಾನು ಹೇಳುವುದು ಮಕ್ಕಳ ವೈದ್ಯರ ಮಾತನ್ನೇ: ವರ್ಷ ತುಂಬುವವರೆಗೆ ಕೂಸಿಗೆ ಯಾವ ದಿಂಬೂ ಬೇಡ. ಮೆತ್ತನೆಯದಕ್ಕೆ ಮುಖ ತಾಗಿದರೆ ಉಸಿರು ಕಟ್ಟುವ ಭಯ ಇದೆ; ಸಮನಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸುವುದೇ ಕ್ಷೇಮ. ಕೂಸಿನ ಹೆಗಲು ಕಿರಿದು, ತಲೆ ದೊಡ್ಡದು. ಅಲ್ಲಿ ತುಂಬಬೇಕಾದ ಸಂದೇ ಇಲ್ಲ.

ಎತ್ತರದ ದಿಂಬಿನ ಮೋಹ ನಮ್ಮೊಬ್ಬರದೇ ಅಲ್ಲ. ಹಳೆಯ ಈಜಿಪ್ಟಿನವರು ಕಟ್ಟಿಗೆಯ, ದಂತದ ತಲೆಯಾಸರೆಗಳ ಮೇಲೆ ಮಲಗುತ್ತಿದ್ದರು. 1922ರಲ್ಲಿ ತೆರೆದ ಟುಟಾಂಖಾಮನ್ ಗೋರಿಯಲ್ಲೂ ಅವು ಸಿಕ್ಕವು. ಜಪಾನಿನಲ್ಲಿ ಹಿಂದೆ ಕಟ್ಟಿದ ತುರುಬು, ಜುಟ್ಟು ಕೆಡಬಾರದೆಂದು ಎತ್ತರದ, ಗಟ್ಟಿ ದಿಂಬು ಬಳಸುತ್ತಿದ್ದರು. ಒಸಾಕಾ ಪ್ರಾಂತ್ಯದಲ್ಲಿರುವ ರಾಷ್ಟ್ರೀಯ ಮಿದುಳು ಮತ್ತು ಹೃದ್ರೋಗ ಕೇಂದ್ರದ ವೈದ್ಯರು 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕುತ್ತಿಗೆಯ ಹಿಂಭಾಗದಿಂದ ಮಿದುಳಿಗೆ ಹೋಗುವ ರಕ್ತನಾಳದ ಒಳಗೋಡೆ ತಾನಾಗಿ ಸೀಳಿ ಲಕ್ವಕ್ಕೆ ದಾರಿಯಾಗುವ ಕಾಯಿಲೆಯವರಲ್ಲಿ, ಹನ್ನೆರಡು ಸೆಂಟಿಮೀಟರ್ ಅಥವಾ ಅದಕ್ಕೂ ಎತ್ತರದ ದಿಂಬು ಬಳಸುವವರ ಪಾಲು ಉಳಿದ ರೋಗಿಗಳಿಗಿಂತ ಹೆಚ್ಚಾಗಿತ್ತು. ದಿಂಬು ಗಟ್ಟಿಯಿದ್ದಷ್ಟೂ ಈ ನಂಟು ಬಲವಾಗಿತ್ತು. ಶೋಗನ್ ಎನ್ನುವ ಹಳೆಯ ಕಾಲದ ಜಪಾನಿ ದೊರೆಗಳ ದಿಂಬಿನ ನೆನಪಿನಲ್ಲಿ ಅವರು ಇದಕ್ಕೆ ‘ಶೋಗನ್ ದಿಂಬಿನ ಕಾಯಿಲೆ’ ಎಂದು ಹೆಸರಿಟ್ಟರು. ಇದು ಅಪರೂಪದ ಕಾಯಿಲೆ, ಹೆದರಬೇಕಾಗಿಲ್ಲ. ಆದರೆ ಅದೇ ಜಪಾನಿನ ಹಳಬರು ಹನ್ನೆರಡು ಸೆಂಟಿಮೀಟರ್ ದಿಂಬು ಹಾಯೆನಿಸುತ್ತದೆ, ಒಂಬತ್ತರದು ಆಯಸ್ಸು ಕೊಡುತ್ತದೆ ಎನ್ನುತ್ತಿದ್ದರಂತೆ. ಮುತ್ಯಾನಿಗೆ ಇದನ್ನು ಹೇಳಿದ್ದರೆ ತಲೆದೂಗುತ್ತಿದ್ದ.

ಗೋಣು ಸರಿಹೋದ ಮೇಲೆ ಒಂದು ಭಾನುವಾರ ಶಾಲೆಯ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದೊಯ್ದೆ. ಎಷ್ಟೋ ಸಲ ನೋಡಿದ್ದೇನೆ. ಈ ಸಲ ಕತ್ತು ನೋಯದೆ ಮೇಲೆ ನೋಡಲಾಯಿತು ಎಂಬುದೇ ಹೊಸ ಸಂತೋಷ. 1656ರಲ್ಲಿ ಮುಗಿದ ಕಟ್ಟಡ. ಕೆಳಗೆ ಚೌಕಾಕಾರದ ಹಜಾರ, ಮೇಲೆ ಸುಮಾರು ನಲವತ್ನಾಲ್ಕು ಮೀಟರ್ ಅಗಲದ ದುಂಡು ಗುಮ್ಮಟ, ನಡುವೆ ಒಂದೂ ಕಂಬ ಇಲ್ಲ. ಚೌಕದ ಮೇಲೆ ದುಂಡು ಹೇಗೆ ನಿಂತಿತು ಎಂದು ಹುಡುಗನೊಬ್ಬ ಕೇಳಿದ. ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳನ್ನು ತೋರಿಸಿದೆ. ಚೌಕ ಮುಗಿದು ದುಂಡು ಶುರುವಾಗುವಲ್ಲಿ ಮೂಲೆಗಳಲ್ಲಿ ಉಳಿಯುವ ಖಾಲಿಯನ್ನು ಆ ಕಮಾನುಗಳ ನಡುವಿನ ಬಾಗಿದ ಕಲ್ಲುಕಟ್ಟು ತುಂಬಿಕೊಂಡಿದೆ. ಗುಮ್ಮಟದ ಭಾರವನ್ನು ಇಸಿದುಕೊಂಡು ಗೋಡೆಗೆ ಒಪ್ಪಿಸುತ್ತಿದೆ. ಹೇಳುತ್ತ ಹೇಳುತ್ತ ನನ್ನ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. ಹೆಗಲು ಚೌಕ, ತಲೆ ದುಂಡು. ನಡುವಿನ ಖಾಲಿಗೆ ಒಂದು ಇಂಬು.

ಬೇಸಿಗೆ ಸೂಟಿಗೆ ಮಗಳು ಬಂದಳು. ಅವಳು ತಂದ ದಿಂಬನ್ನು ನಾನು ಮೂಲೆಗೆ ಹಾಕಿರಲಿಲ್ಲ. ಇಬ್ಬರೂ ಪಡಸಾಲೆಯಲ್ಲಿ ಕೂತು ಅದರ ಒಂದು ಕಡೆಯ ಹೊಲಿಗೆ ಬಿಚ್ಚಿದೆವು. ಒಳಗಿನ ನೂಲಿನಂಥ ಮೆತ್ತೆಯನ್ನು ಹಿಡಿಯಷ್ಟು ತೆಗೆಯುವುದು, ನಾನು ಮಲಗುವುದು, ಅವಳು ಎದುರು ನಿಂತು ಗೆರೆ ನೋಡುವುದು. ಐದನೆಯ ಹಿಡಿಗೆ, “ಈಗ ಸರಿ ಆತವ್ವಾ,” ಎಂದಳು. ತೆಗೆದದ್ದನ್ನೆಲ್ಲ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಹೊಲಿದು ಅತ್ತೆಯ ಮೊಳಕಾಲ ನಡುವೆ ಇಡಲು ಸಣ್ಣ ದಿಂಬು ಮಾಡಿದೆವು; ಮಗ್ಗುಲಿಗೆ ಮಲಗುವಾಗ ಸೊಂಟಕ್ಕೆ ಅದು ಹಿತ.

ಆಮೇಲೆ ಅವಳ ಸರದಿ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ದಿನವಿಡೀ ಬಗ್ಗಿ ಕೂರುವ ಕತ್ತು ಅವಳದು. ನನ್ನ ಮದುವೆಯ ದಿಂಬು ತಂದು ಗಾದಿ ಕಾಕಾ ಹಾಕಿದ್ದ ಉದ್ದ ಹೊಲಿಗೆಯನ್ನು ಬಿಚ್ಚಿದೆ. ಅಷ್ಟು ವರ್ಷದ ಮೇಲೂ ದಾರ ಕತ್ತರಿ ಬೇಡದೆ ಒಂದೇ ಎಳೆತಕ್ಕೆ ಸರಿದು ಬಂತು. ನಮ್ಮವ್ವ ಹಟ ಮಾಡಿ ತುಂಬಿಸಿದ್ದ ಎರಡು ಹಿಡಿ ಅರಳೆಯನ್ನು ತೆಗೆದು ಪಕ್ಕಕ್ಕಿಟ್ಟೆ. ಮಗಳು ಮಗ್ಗುಲಾದಳು. ಅವಳ ಕುತ್ತಿಗೆಯ ಕೆಳಗೆ ಎರಡು ಬೆರಳು ತೂರಿಸಿ ನೋಡಿದೆ. ಬೆರಳಿಗೆ ಎಲ್ಲೂ ಟೊಳ್ಳು ಸಿಗಲಿಲ್ಲ. ಬೆರಳು ತೆಗೆಯುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು.